ಪರ್ತ್‌ನಲ್ಲಿ ಈಗ ಗಂಟೆ ಎಷ್ಟು?

ಬ್ರಿಸ್ಬೇನ್‌ನಲ್ಲಿ ಮಧ್ಯಾಹ್ನ 12 ಹೊಡೆದಾಗ ಅಡಿಲೇಡ್‌ನಲ್ಲಿ ಗಂಟೆ ಎಷ್ಟು? ಜುಲೈ ಆದರೆ 11.30, ಜನವರಿ ಆದರೆ 12.30. ಬೇಸಿಗೆ ಬಂದರೆ ಅಡಿಲೇಡ್‌ನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಬ್ರಿಸ್ಬೇನ್‌ನವರು ಇಡುವುದಿಲ್ಲ. ಪರ್ತ್ ಯಾವಾಗಲೂ ಎರಡು ಗಂಟೆ ಹಿಂದೆ, ಅಲ್ಲಿ 10.

ಈ ಲೆಕ್ಕಕ್ಕೆ ಪೈಥಾನ್‌ನಲ್ಲಿ ನಾಲ್ಕು ಸಾಲು ಕೋಡ್ ಬರೆದಿರಿ ಎನ್ನಿ. ಅದು ಸರಿಯಿದೆಯೇ ಎಂದು ತಿಳಿಯಲು, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಅದಕ್ಕೆ ಕೇಳಬೇಕು. ಇದೇ ಯೂನಿಟ್ ಟೆಸ್ಟ್. ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಓಡಿಸಿ ತಪ್ಪಿದ್ದನ್ನು ಎತ್ತಿ ತೋರಿಸುವುದು ಟೆಸ್ಟಿಂಗ್ ಫ್ರೇಮ್‌ವರ್ಕ್.

ಸಿ ಶಾರ್ಪ್‌ನಲ್ಲಿ ಅಂಕಿ ಇರಬೇಕಾದ ಕಡೆ ಪದ ಕೊಟ್ಟರೆ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಪೈಥಾನ್, ರೂಬಿಯಂಥ ಡೈನಾಮಿಕ್ ಭಾಷೆಗಳು ಆ ಸಾಲು ಓಡುವ ತನಕ ತುಟಿ ಬಿಚ್ಚುವುದಿಲ್ಲ. ಬೇಸಿಗೆಯ ಲೆಕ್ಕದ ಸಾಲಿನಲ್ಲಿ ತಪ್ಪಿದ್ದರೆ ಜುಲೈಯಲ್ಲಿ ಎಲ್ಲ ಸುಸೂತ್ರ, ಅಕ್ಟೋಬರ್‌ನಲ್ಲಿ ಗಡಿಯಾರ ಮುಂದಿಟ್ಟಾಗ ಪೇಚಾಟ. ಟೆಸ್ಟ್ ಇದ್ದರೆ ಆ ಸಾಲು ಜುಲೈಯಲ್ಲೇ ಓಡಿ ಸಿಕ್ಕಿಬೀಳುತ್ತದೆ.

ಇಂಥ ಭಾಷೆಯನ್ನು ಡಾಟ್‌ನೆಟ್ ಮೇಲೆ ಕೂರಿಸಿದರೆ ತೊಡಕು ಇನ್ನೊಂದು. ಡಾಟ್‌ನೆಟ್ ಮ್ಯಾನೇಜ್ಡ್ ರನ್‌ಟೈಮ್, ಅಂದರೆ ಕೋಡನ್ನು ಓಡಿಸುವುದು ಅದೇ. ಮೆಮೊರಿಯ ಉಸ್ತುವಾರಿಯೂ ಅದರದೇ. ಅದರ ಎನ್‌ಯೂನಿಟ್ ಫ್ರೇಮ್‌ವರ್ಕ್, ಕಂಪೈಲ್ ಆದ ಕ್ಲಾಸ್‌ಗಳಲ್ಲಿ ‘ಇದು ಟೆಸ್ಟ್’ ಎಂಬ ಚೀಟಿ ಹುಡುಕುತ್ತದೆ. ಪೈಥಾನ್‌ನ ಡಾಟ್‌ನೆಟ್ ರೂಪವಾದ ಐರನ್‌ಪೈಥಾನ್‌ನ ಕ್ಲಾಸ್‌ಗಳು ಹುಟ್ಟುವುದೇ ಕೋಡ್ ಓಡುವಾಗ, ಚೀಟಿ ಅಂಟಿಸುವುದೆಲ್ಲಿ? ಹೆಸರು ‘ಟೆಸ್ಟ್’ ಎಂದು ಶುರುವಾದರೆ ಸಾಕು ಎನ್ನುವ ಪೈಥಾನ್‌ನದೇ ಯೂನಿಟ್‌ಟೆಸ್ಟ್ ಇಲ್ಲಿ ಸಲೀಸು.

ಬ್ರಿಸ್ಬೇನ್‌ನಲ್ಲಿ ಇದಕ್ಕಿಂತ ಬುಡದ ಪ್ರಶ್ನೆಯೇ ಎದ್ದಿತ್ತು. ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿಯ ವೇಯ್ನ್ ಕೆಲ್ಲಿ, ಜಾನ್ ಗಫ್ 2006ರ ಹೊತ್ತಿಗೆ ರೂಬಿಯನ್ನು ಡಾಟ್‌ನೆಟ್‌ಗೆ ತರುವ ರೂಬಿ ಡಾಟ್‌ನೆಟ್ ಕಂಪೈಲರ್ ಕಟ್ಟುತ್ತಿದ್ದರು. ಕಟ್ಟಿದ್ದು ರೂಬಿಯೇ ಹೌದೆಂದು ಹೇಳುವವರು ಯಾರು? ಆ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಬಂದದ್ದೇ 2012ರಲ್ಲಿ. ಮೂಲ ರೂಬಿ 1.8.2ರ ಜೊತೆ ಬರುತ್ತಿದ್ದ ಟೆಸ್ಟ್‌ಗಳನ್ನೇ ಅವರು ಒರೆಗಲ್ಲು ಮಾಡಿಕೊಂಡರು. 871ಕ್ಕೆ 871 ಪಾಸಾದವು. ನನ್ನ ಕಣ್ಣಿಗೆ ಆ ಟೆಸ್ಟ್‌ಗಳೇ ಆಗ ರೂಬಿಯ ವ್ಯಾಕರಣ ಪುಸ್ತಕ. ಆದರೆ ಟೆಸ್ಟ್ ಬರೆದವರಿಗೆ ಹೊಳೆಯದ ಪ್ರಶ್ನೆಯನ್ನು ಟೆಸ್ಟ್ ಕೇಳಲಾರದು.

ನಮ್ಮ ಗಡಿಯಾರಕ್ಕೇ ಬರೋಣ. ಪಶ್ಚಿಮ ಆಸ್ಟ್ರೇಲಿಯಾ 2006ರ ಡಿಸೆಂಬರ್‌ನಿಂದ 2009ರ ಮಾರ್ಚ್‌ವರೆಗೆ ಬೇಸಿಗೆ ಸಮಯವನ್ನು ಪ್ರಯೋಗ ಮಾಡಿ ನೋಡಿತು. 2009ರ ಮೇ ತಿಂಗಳ ಜನಮತಗಣನೆಯಲ್ಲಿ ಜನ ಬೇಡವೆಂದರು. ಹಾಗಾಗಿ 2008ರ ಜನವರಿಯಲ್ಲಿ, ಬ್ರಿಸ್ಬೇನ್‌ನ 12ಕ್ಕೆ ಪರ್ತ್‌ನಲ್ಲಿ 11. ಮೇಲೆ ನಾನು ಬರೆದ ‘ಯಾವಾಗಲೂ’ ಆ ಮೂರು ಬೇಸಿಗೆಗಳ ಮಟ್ಟಿಗೆ ಫೇಲು.