ನಡುಮನೆಯಲ್ಲಿ ಮೂರು ಲಕ್ಷ ವ್ಯಾಟ್

ಕುಮಟಾದ ಯಾವುದೋ ಮನೆಯ ನಡುಮನೆಯಲ್ಲಿ ಬಿಳಿ ಛತ್ರಿ ಕಟ್ಟಿ ನಿಲ್ಲಿಸಿದ 300 ಜೂಲಿನ ಫ್ಲ್ಯಾಶ್ ಇದೆಯೆನ್ನಿ. ಪೂರ್ತಿ ಪವರಿನಲ್ಲಿ ಒಮ್ಮೆ ಹೊಡೆದರೆ ಅದಕ್ಕೆ ತಗಲುವ ವಿದ್ಯುತ್ತು ಅಲ್ಪವೇ. ಅದೇ ಕೋಣೆಯ 9 ವ್ಯಾಟಿನ ಎಲ್‌ಇಡಿ ಬಲ್ಬು 33 ಸೆಕೆಂಡಿನಲ್ಲಿ ಅಷ್ಟನ್ನು ಮುಗಿಸುತ್ತದೆ. ಆದರೆ ಫ್ಲ್ಯಾಶ್ ಅದನ್ನೆಲ್ಲ ಸೆಕೆಂಡಿನ ಸುಮಾರು ಸಾವಿರದ ಒಂದು ಪಾಲಿನಲ್ಲಿ ಸುರಿದುಬಿಡುತ್ತದೆ. ಆ ಗಳಿಗೆಗೆ ಅದರ ಪವರ್ 3 ಲಕ್ಷ ವ್ಯಾಟ್, 33,000 ಬಲ್ಬುಗಳನ್ನು ಒಟ್ಟಿಗೆ ಉರಿಸುವಷ್ಟು!

ಫ್ಲ್ಯಾಶಿನ ಕೊಳವೆಯೊಳಗೆ ಹೊಳೆಯುವುದು ಕ್ಸೆನಾನ್. 1898ರಲ್ಲಿ ರಾಮ್ಸೆ ಮತ್ತು ಟ್ರಾವರ್ಸ್ ಕಂಡುಹಿಡಿದ ಈ ಅನಿಲ, ನಾವು ಉಸಿರಾಡುವ ಗಾಳಿಯ 1 ಕೋಟಿ 15 ಲಕ್ಷ ಪಾಲಿನಲ್ಲಿ ಒಂದೇ ಪಾಲು. ಅದರ ಬೆಳಕಿನ ಬಣ್ಣ ಸುಮಾರು 5500 ಕೆಲ್ವಿನ್, ನಡುಹಗಲ ಬಿಸಿಲಿನದೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಆಷಾಢದಲ್ಲಿ ಹಗಲಿಗೂ ದೀಪ ಹಚ್ಚುವ ಈ ಕರಾವಳಿಗೆ ಇದು ದೊಡ್ಡ ಉಪಕಾರ.

ಕೋಣೆಯ ದೀಪವನ್ನು ಚಿತ್ರದಿಂದ ಹೊರಗಿಡುವುದು ಹೇಗೆ? ಐಎಸ್‌ಒ 100, ಅಪರ್ಚರ್ ಎಫ್/8, ಶಟರ್ 1/200 ಇಟ್ಟರೆ ಚಿತ್ರ ಸರಿಯಾಗಿ ಮೂಡಲು ಸುಮಾರು 32,000 ಲಕ್ಸ್ ಬೆಳಕು ಬೇಕು. ಮನೆಯ ದೀಪ ಕೊಡುವುದು 200ರಷ್ಟು. ಅಂದರೆ 160ರಲ್ಲಿ ಒಂದು ಪಾಲು. 2700 ಕೆಲ್ವಿನ್ನಿನ ಹಳದಿ ಬಲ್ಬು ಉರಿಯುತ್ತಿದ್ದರೂ ಮುಖಕ್ಕೆ ಅದರ ಬಣ್ಣ ಹತ್ತುವುದಿಲ್ಲ. ಫ್ಲ್ಯಾಶ್ ಆರಿಸಿ ಒಂದು ಫೋಟೋ ತೆಗೆದು ನೋಡಿ. ಪೂರಾ ಕಪ್ಪಾಗಿ ಬಂದರೆ ಕೋಣೆ ನಿಮ್ಮ ಹಿಡಿತದಲ್ಲಿದೆ.

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸುವುದು ದೂರದ ಲೆಕ್ಕ. ಸೂರ್ಯ 15 ಕೋಟಿ ಕಿಲೋಮೀಟರ್ ಆಚೆ ಇದ್ದಾನೆ. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್ ನಡೆದರೂ ದೂರದ ಕಾರಣಕ್ಕೆ ಬಿಸಿಲು ಕೂದಲೆಳೆಯಷ್ಟೂ ಬದಲಾಗದು. ಫ್ಲ್ಯಾಶ್ ಹಾಗಲ್ಲ. ಒಂದು ಮೀಟರ್ ದೂರದಲ್ಲಿ ಕೂತವರು ಹತ್ತು ಸೆಂಟಿಮೀಟರ್ ಹಿಂದೆ ಸರಿದರೆ ಬೆಳಕು ಶೇ. 17ರಷ್ಟು ಇಳಿಯುತ್ತದೆ; ಇಪ್ಪತ್ತು ಸೆಂಟಿಮೀಟರ್ ಮುಂದೆ ಬಾಗಿದರೆ ಒಂದೂವರೆ ಪಟ್ಟು ದಾಟುತ್ತದೆ. ಮನೆ ಸ್ಟುಡಿಯೋದಲ್ಲಿ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಮಬ್ಬಾಗಿ ಬರುವುದು ಬಹಳ ಸಲ ಇದರಿಂದಲೇ. ಹಾಗಾಗಿ ಕುರ್ಚಿಯ ಕಾಲಿಗೆ ನೆಲದ ಮೇಲೆ ಟೇಪು ಅಂಟಿಸಿ, ಅಳತೆ ಪಟ್ಟಿ ಕೈಯಲ್ಲಿಟ್ಟುಕೊಳ್ಳಿ. ಫ್ಲ್ಯಾಶ್ ಪೂರ್ತಿ ತುಂಬಿಕೊಳ್ಳುವವರೆಗೂ ಕಾಯಿರಿ. ಪವರನ್ನು ಪದೇಪದೇ ಏರಿಳಿಸಬೇಡಿ, ಅದರಿಂದ ಬಣ್ಣವೂ ಜರುಗುತ್ತದೆ.

ಬಣ್ಣ ಕೆಡಿಸುವ ಇನ್ನೊಂದು ವಸ್ತು ಗೋಡೆ. ಹಸಿರು ಪೇಂಟಿನ ಗೋಡೆ, ಚಿರೆಕಲ್ಲಿನ ಕೆಂಪು ಎರಡೂ ಫ್ಲ್ಯಾಶಿನ ಬೆಳಕಿಗೆ ತಮ್ಮ ಬಣ್ಣ ಬೆರೆಸಿ ಹಿಂದಕ್ಕೆ ಕಳಿಸುತ್ತವೆ. ಹೊನ್ನಾವರದ ಗುಣವಂತೆಯಲ್ಲಿ 1934ರಿಂದ ಕೆರೆಮನೆ ಮೇಳ ಯಕ್ಷಗಾನ ಕಟ್ಟುತ್ತ ಬಂದಿದೆ. ಅಂಥ ಮೇಳದ ವೇಷದ ಕೆಂಪು-ಹಳದಿ ಚೌಕುಳಿ ಕಸೆ ಸೀರೆಯನ್ನು ಹಸಿರು ಗೋಡೆಯ ಪಕ್ಕ ತೆಗೆದರೆ ಕಲಾವಿದರ ಶ್ರಮಕ್ಕೇ ಅನ್ಯಾಯ. ಬದಿಯಲ್ಲಿ ಬಿಳಿ ಥರ್ಮಾಕೋಲ್ ನಿಲ್ಲಿಸಿ, ಶೇ. 18ರ ಬೂದು ಕಾರ್ಡನ್ನು ಮುಖದ ಬಳಿ ಹಿಡಿದು ಮೊದಲ ಫೋಟೋ ತೆಗೆಯಿರಿ. ಬೆಳಕು ಬದಲಿಸದಿದ್ದರೆ ಮುಂದಿನ ನೂರು ಚಿತ್ರಗಳಿಗೂ ಅದೇ ವೈಟ್ ಬ್ಯಾಲೆನ್ಸ್ ಸಾಕು.

ಜೆಪೆಗ್ ಚಿತ್ರ 1 ಕೋಟಿ 67 ಲಕ್ಷ 77 ಸಾವಿರದ 216 ಬಣ್ಣಗಳನ್ನು ಹಿಡಿಯಬಲ್ಲದು. ಆದರೂ ಕಪ್ಪು ಜಡೆಯ ಮೇಲಿನ ಭಟ್ಕಳ ಮಲ್ಲಿಗೆಗೆ ಕೆಂಪು, ಹಸಿರು, ನೀಲಿ ಮೂರೂ ಬಣ್ಣದಲ್ಲಿ 255ನೇ ಮೆಟ್ಟಿಲೇ ಕೊನೆ. ಅದನ್ನು ಮುಟ್ಟಿದರೆ ದಳಗಳೆಲ್ಲ ಒಂದೇ ಬಿಳಿ ಚುಕ್ಕೆ. 240ರ ಆಸುಪಾಸಿನಲ್ಲಿ ನಿಲ್ಲಿಸಿ, ಎಸಳುಗಳನ್ನು ಒಂದೊಂದಾಗಿ ಎಣಿಸಬಹುದು.