ನಿಮಗಿದು ಗೊತ್ತೆ? ಕಾಲೋನಿ ಪಕ್ಕದ ಕಡಲ ಕೇರಿ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಿಂದ ಕಡಲ ಕಡೆಗೆ ಇಳಿದರೆ ಪೆದ್ದ ಜಾಲಾರಿಪೇಟ ಸಿಗುತ್ತದೆ. ಕಾಲೋನಿಯಲ್ಲಿ ಅಪಾರ್ಟ್‌ಮೆಂಟು, ಕಚೇರಿಗಳ ಸಾಲು; ಇಲ್ಲಿ ಬಲೆ, ದೋಣಿ, ಗ್ರಾಮದೇವತೆಯರು. ಜಾಲಾರಿಗಳು ತೆಲುಗು ಮಾತಾಡುವ ಮೀನುಗಾರರು. ಮರದ ತೆಪ್ಪ ಹೋಗಿ ಫೈಬರ್ ದೋಣಿ ಬಂದರೂ ದೇವತೆಯ ಮೇಲಿನ ನಂಬಿಕೆ ಅವರಲ್ಲಿ ಸಡಿಲಗೊಂಡಿಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಚಾರ್ಲ್ಸ್ ನಕೋಲ್ಸ್ ಜಾಲಾರಿಗಳ ನಡುವೆ ಇದ್ದು ಅಧ್ಯಯನ ಮಾಡಿ, 1996ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ದಾಖಲಿಸಿದ ನಂಬಿಕೆ ಹೀಗಿದೆ: ದಾಯಾದಿಗಳು ಜಗಳವಾಡಿದರೆ, ಪೂಜೆ ತಪ್ಪಿದರೆ ದೇವತೆ ಮುನಿಯುತ್ತಾಳೆ, ಮನೆಯಲ್ಲಿ ಕಾಯಿಲೆ ಬರುತ್ತದೆ, ಬಲೆಗೆ ಮೀನು ಬೀಳುವುದಿಲ್ಲ. ಆಗ ಕಾರಣ ಹುಡುಕಿ, ಮುರಿದ ಸಂಬಂಧ ಸರಿಪಡಿಸಿ, ಹರಕೆ ತೀರಿಸಬೇಕು. ಕೇರಿಯ ಒಗ್ಗಟ್ಟು ಕಾಯುವ ಇಂಥ ವ್ಯವಸ್ಥೆಯನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ.

ಇನ್ನೂ ಮನಕಲಕುವ ಸಂಗತಿಯಿದೆ. ಇಲ್ಲಿ ಮೈದುಂಬಿ ನುಡಿ ಹೇಳುವವರಲ್ಲಿ ಹೆಂಗಸರೂ ಇದ್ದಾರೆ. ಅವರ ಮೈಮೇಲೆ ಬರುವುದು ಹಲವು ಸಲ ತೀರಿಹೋದ ತಮ್ಮ ಮಗನೇ. ಮಗನನ್ನು ಕಳೆದುಕೊಂಡ ತಾಯಿಗೆ ಊರೇ ಕಿವಿಗೊಡುವ ಸ್ಥಾನ!

ನಮ್ಮ ಕರಾವಳಿಯ ಮೊಗವೀರರು ಮಳೆಗಾಲದ ಬಿಡುವಿನ ನಂತರ ಸಮುದ್ರಪೂಜೆ ಮಾಡಿ, ಹಾಲೆರೆದು ಕಡಲಿಗಿಳಿಯುವುದನ್ನು ಬಲ್ಲವರಿಗೆ ಈ ಕೇರಿ ಅಪರಿಚಿತ ಎನಿಸದು. ರಜೆಯ ಕಾಲ ಮಾತ್ರ ಬೇರೆ: ಯಾಂತ್ರಿಕ ಮೀನುಗಾರಿಕೆಗೆ ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31, ಪೂರ್ವದಲ್ಲಿ ಏಪ್ರಿಲ್ 15ರಿಂದ ಜೂನ್ 14. ಎರಡೂ ಕಡೆ 61 ದಿನ.