ಕ್ರೀಡಾಭಿಮಾನವೂ ರಾಜ್ಯವಿವೇಕವೂ: ಎರಡು ನೆರೆನಾಡುಗಳ ತುಲನೆ

ಒಂದು ನಾಡಿನ ಜನರ ಸ್ವಭಾವವನ್ನು ತಿಳಿಯಲು ಬಯಸುವವರು ಆ ನಾಡಿನ ಗ್ರಂಥಗಳನ್ನೂ ದೇವಾಲಯಗಳನ್ನೂ ಹಬ್ಬಹರಿದಿನಗಳನ್ನೂ ಪರಿಶೀಲಿಸುವುದು ವಾಡಿಕೆ. ಇವುಗಳ ಜೊತೆಗೆ ಅಲ್ಲಿನ ಆಟದ ಬಯಲನ್ನೂ ಮತಗಟ್ಟೆಯನ್ನೂ ನೋಡುವುದು ಅವಶ್ಯಕವೆಂದು ನಮಗೆ ತೋರುತ್ತದೆ. ಏಕೆಂದರೆ, ಈ ಎರಡು ಎಡೆಗಳಲ್ಲಿ ಸಾಮಾನ್ಯ ಗೃಹಸ್ಥನು ತನ್ನ ಒಲವನ್ನು ಯಾರ ಅಪ್ಪಣೆಗೂ ಕಾಯದೆ ತಾನೇ ಪ್ರಕಟಿಸುತ್ತಾನೆ. ಕರ್ಣಾಟಕ ಮತ್ತು ತಮಿಳುನಾಡುಗಳ ಜನರು ಆಟದಲ್ಲಿ ಹೇಗೆ ಅಭಿಮಾನಪಡುತ್ತಾರೆ, ಆಳುವವರನ್ನು ಆರಿಸುವಾಗ ಹೇಗೆ ನಡೆದುಕೊಳ್ಳುತ್ತಾರೆ, ಈ ಎರಡಕ್ಕೂ ಇರುವ ಸಂಬಂಧವೇನು ಎಂಬುದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ನಾಡುಗಳ ಕ್ರೀಡಾಸ್ಪರ್ಧೆಯು ಇಂದು ನಿನ್ನೆಯದಲ್ಲ. ರಣಜಿ ಪಾರಿತೋಷಕದ ಮೊತ್ತಮೊದಲನೆಯ ಪಂದ್ಯವು ನಡೆದುದು ೧೯೩೪ನೆಯ ಇಸವಿ ನವೆಂಬರ್ ೪ರಂದು, ಮದರಾಸಿನ ಚೇಪಾಕ್ ಬಯಲಿನಲ್ಲಿ. ಎದುರಾಳಿಗಳು ಮದರಾಸು ಮತ್ತು ಮೈಸೂರು. ಎ. ಜಿ. ರಾಮಸಿಂಗರ ಚೆಂಡೆಸೆತದ ಮುಂದೆ ನಿಲ್ಲಲಾರದೆ ಮೈಸೂರಿನವರು ಒಂದೇ ದಿನದಲ್ಲಿ ಸೋತರು. ಎಂಬತ್ತು ವರ್ಷಗಳ ತರುವಾಯ, ೨೦೧೫ರ ಮಾರ್ಚ್ ತಿಂಗಳಲ್ಲಿ, ಅದೇ ಪಾರಿತೋಷಕದ ಅಂತಿಮ ಪಂದ್ಯದಲ್ಲಿ ಕರುಣ್ ನಾಯರರು ೩೨೮ ಓಟಗಳನ್ನು ಗಳಿಸಿ ಕರ್ಣಾಟಕಕ್ಕೆ ತಮಿಳುನಾಡಿನ ಮೇಲೆ ಜಯವನ್ನು ದೊರಕಿಸಿಕೊಟ್ಟರು. ೨೦೨೧ರ ನವೆಂಬರಿನಲ್ಲಿ ಸೈಯದ್ ಮುಷ್ತಾಕ್ ಅಲಿ ಪಾರಿತೋಷಕದ ಅಂತಿಮ ಪಂದ್ಯದಲ್ಲಾದರೋ, ಷಾರುಖ್ ಖಾನ್ ಎಂಬ ತಮಿಳುನಾಡಿನ ಆಟಗಾರರು ಕಟ್ಟಕಡೆಯ ಚೆಂಡನ್ನು ಎಲ್ಲೆಯಾಚೆಗೆ ಅಟ್ಟಿ ಕನ್ನಡಿಗರ ಕೈಗೆ ಬಂದಿದ್ದ ಜಯವನ್ನು ಕಸಿದುಕೊಂಡರು. ಇಂತಹ ಸೋಲುಗೆಲುವುಗಳು ನೆರೆಹೊರೆಯವರಲ್ಲಿ ಸಹಜವಾದುವೇ.

ಅಭಿಮಾನಿಗಳ ಗುಣವು ಸ್ಫುಟವಾಗಿ ಕಾಣಬಂದುದು ೨೦೦೮ರಲ್ಲಿ ಐ.ಪಿ.ಎಲ್. ಪಂದ್ಯಾವಳಿ ಮೊದಲಾದ ಮೇಲೆ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವು ೨೦೦೯, ೨೦೧೧ ಮತ್ತು ೨೦೧೬ರಲ್ಲಿ ಅಂತಿಮ ಪಂದ್ಯವನ್ನು ಮುಟ್ಟಿ ಮೂರು ಸಲವೂ ಸೋತಿತು. ೨೦೧೭ರಲ್ಲಿ ಒಂದು ಪಂದ್ಯದಲ್ಲಿ ಕೇವಲ ೪೯ ಓಟಗಳಿಗೆ ಸಮಸ್ತ ತಂಡವೂ ಮುಗಿದುಹೋಯಿತು. ಹೀಗಿದ್ದರೂ ವರ್ಷವರ್ಷವೂ ಚಿನ್ನಸ್ವಾಮಿ ಕ್ರೀಡಾಂಗಣವು ಕೆಂಪು ಅಂಗಿಗಳಿಂದ ತುಂಬುತ್ತಲೇ ಇದ್ದಿತು. ‘ಈ ಸಲ ಕಪ್ ನಮ್ದೇ’ ಎಂಬ ಕೂಗನ್ನು ಇತರರು ಪರಿಹಾಸ್ಯಕ್ಕೆ ತಂದರೂ ಕನ್ನಡಿಗನು ಬಿಡಲಿಲ್ಲ. ಹದಿನೆಂಟನೆಯ ಪಂದ್ಯಾವಳಿಯಲ್ಲಿ, ೨೦೨೫ರ ಜೂನ್ ೩ರಂದು, ಆ ಕೂಗು ಸತ್ಯವಾಯಿತು.

ಚೆನ್ನೈ ತಂಡದವರು ೨೦೧೦, ೨೦೧೧, ೨೦೧೮, ೨೦೨೧, ೨೦೨೩ ಹೀಗೆ ಐದು ಸಲ ಗೆದ್ದವರು. ಗೆಲ್ಲುವವರನ್ನು ಮೆಚ್ಚುವುದೇನು ದೊಡ್ಡದೆಂದು ಕೆಲವರು ಕೇಳಬಹುದು. ಆದರೆ ೨೦೧೬ ಮತ್ತು ೨೦೧೭ರಲ್ಲಿ, ತಂಡದ ಆಡಳಿತವರ್ಗಕ್ಕೆ ಸೇರಿದವರೊಬ್ಬರ ಪಣದ ವ್ಯವಹಾರದಿಂದಾಗಿ, ತಂಡವನ್ನೇ ಪಂದ್ಯಾವಳಿಯಿಂದ ಹೊರಗಿಡಲಾಯಿತು. ಎರಡು ವರ್ಷ ತಂಡವೇ ಇಲ್ಲದಿದ್ದರೂ ತಮಿಳು ಅಭಿಮಾನಿಗಳು ಅದನ್ನು ಮರೆಯಲಿಲ್ಲ. ಕನ್ನಡಿಗನ ಅಭಿಮಾನವು ಆಶೆಯನ್ನು ಆಶ್ರಯಿಸಿದೆ, ತಮಿಳನ ಅಭಿಮಾನವು ವಿಶ್ವಾಸವನ್ನು ಆಶ್ರಯಿಸಿದೆ. ನಿಷ್ಠೆಯಲ್ಲಿ ಇಬ್ಬರೂ ಸಮಾನರು.

ಇನ್ನು ಮತಗಟ್ಟೆಯ ಕಡೆಗೆ ತಿರುಗೋಣ. ಆಟದಲ್ಲಿ ಹದಿನೆಂಟು ವರ್ಷ ಕಾದ ಕನ್ನಡಿಗನು ರಾಜಕೀಯದಲ್ಲಿ ಐದು ವರ್ಷಕ್ಕಿಂತ ಹೆಚ್ಚಾಗಿ ಕಾಯುವವನಲ್ಲ. ೧೯೮೫ರ ತರುವಾಯ ೨೦೨೩ರವರೆಗೆ ನಡೆದ ಯಾವ ವಿಧಾನಸಭಾ ಚುನಾವಣೆಯಲ್ಲಿಯೂ ಅಧಿಕಾರ ನಡೆಸಿದ ಪಕ್ಷಕ್ಕೆ ಇಲ್ಲಿ ಮತ್ತೆ ಬಹುಮತವು ದೊರೆಯಲಿಲ್ಲ. ೧೯೮೯ರಲ್ಲಿ ೧೭೮ ಸ್ಥಾನಗಳನ್ನು ಪಡೆದ ಕಾಂಗ್ರೆಸ್ಸಿಗೆ ೧೯೯೪ರಲ್ಲಿ ಉಳಿದುದು ೩೪. ಇದಕ್ಕಿಂತಲೂ ವಿಚಿತ್ರವಾದುದು ಒಂದೇ ಮತದಾರನು ದೆಹಲಿಗೆ ಒಂದು ಬಗೆಯಾಗಿಯೂ ಬೆಂಗಳೂರಿಗೆ ಇನ್ನೊಂದು ಬಗೆಯಾಗಿಯೂ ಮತ ಕೊಡುವ ಕ್ರಮ. ೧೯೮೪ರ ಡಿಸೆಂಬರಿನಲ್ಲಿ ಲೋಕಸಭೆಯ ೨೮ ಸ್ಥಾನಗಳಲ್ಲಿ ೨೪ನ್ನು ಕಾಂಗ್ರೆಸ್ಸಿಗೆ ಕೊಟ್ಟ ಇದೇ ಜನರು, ಮೂರು ತಿಂಗಳೊಳಗೆ, ೧೯೮೫ರ ಮಾರ್ಚಿನಲ್ಲಿ, ವಿಧಾನಸಭೆಯಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ೧೩೯ ಸ್ಥಾನಗಳನ್ನು ಕೊಟ್ಟರು. ೨೦೨೩ರಲ್ಲಿ ಕಾಂಗ್ರೆಸ್ಸಿಗೆ ೧೩೫ ಸ್ಥಾನಗಳನ್ನಿತ್ತವರು ಮರುವರ್ಷ ಲೋಕಸಭೆಗೆ ಆ ಪಕ್ಷದಿಂದ ಒಂಬತ್ತು ಜನರನ್ನು ಮಾತ್ರ ಕಳುಹಿಸಿದರು.

ತಮಿಳುನಾಡಿನ ರೀತಿ ಬೇರೆ. ಅಣ್ಣಾದೊರೆಯವರು ೧೯೬೭ರಲ್ಲಿ ಕಾಂಗ್ರೆಸ್ಸನ್ನು ಸೋಲಿಸಿದಂದಿನಿಂದ ೨೦೨೧ರವರೆಗೆ ನಡೆದ ಹದಿಮೂರು ವಿಧಾನಸಭಾ ಚುನಾವಣೆಗಳಲ್ಲಿಯೂ ಗೆದ್ದವರು ಎರಡು ದ್ರಾವಿಡ ಪಕ್ಷಗಳವರೇ. ಅಲ್ಲಿಯೂ ಆಳುವವರನ್ನು ಉರುಳಿಸುವುದುಂಟು. ೧೯೯೬ರಲ್ಲಿ ಮುಖ್ಯಮಂತ್ರಿಗಳಾಗಿದ್ದ ಜಯಲಲಿತಾರವರೇ ತಮ್ಮ ಕ್ಷೇತ್ರದಲ್ಲಿ ಸೋತರು. ಆದರೆ ಸೋತವರಿಂದ ಕಿತ್ತ ಅಧಿಕಾರವು ಅದೇ ಮನೆತನದ ಇನ್ನೊಂದು ಕವಲಿಗೆ ಸಲ್ಲುತ್ತಿತ್ತೇ ಹೊರತು ಹೊರಗಿನವರಿಗೆ ಸಲ್ಲುತ್ತಿರಲಿಲ್ಲ.

ಈ ಭೇದಕ್ಕೆ ಕಾರಣವೇನು? ತಮಿಳುನಾಡಿನಲ್ಲಿ ಅಭಿಮಾನಿಗೂ ಮತದಾರನಿಗೂ ನಡುವೆ ಇರುವ ಗೋಡೆಯು ಬಹಳ ತೆಳುವಾದುದೆಂಬುದೇ ಮುಖ್ಯ ಕಾರಣವೆಂದು ತೋರುತ್ತದೆ. ಎಂ. ಜಿ. ರಾಮಚಂದ್ರನ್‌ರವರನ್ನು ೧೯೭೨ರಲ್ಲಿ ಪಕ್ಷದಿಂದ ಹೊರಹಾಕಿದಾಗ, ಊರೂರಿನಲ್ಲಿದ್ದ ಅವರ ಚಲನಚಿತ್ರಾಭಿಮಾನಿಗಳ ಸಂಘಗಳೇ ಹೊಸ ಪಕ್ಷಕ್ಕೆ ಅಡಿಗಲ್ಲಾದುವು. ೧೯೮೪ರಲ್ಲಿ ಅವರು ಅಮೆರಿಕೆಯ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಜನರು ಅವರನ್ನು ಗೆಲ್ಲಿಸಿದರು. ಕರ್ಣಾಟಕದಲ್ಲಿ ಡಾಕ್ಟರ್ ರಾಜಕುಮಾರರಿಗೆ ಇದ್ದ ಜನಪ್ರೀತಿಯು ಕಡಮೆಯದಲ್ಲ. ೧೯೮೨ರ ಗೋಕಾಕ್ ಚಳುವಳಿಯಲ್ಲಿ ಅವರು ಮುಂದೆ ನಿಂತಾಗ ನಾಡೇ ಹಿಂದೆ ಬಂದಿತು. ಆದರೂ ಅವರು ಚುನಾವಣೆಗೆ ನಿಲ್ಲಲಿಲ್ಲ. ಹೀಗಾಗಿ ಕನ್ನಡಿಗನು ಪ್ರೀತಿಯನ್ನು ಒಂದೆಡೆಯೂ ಮತವನ್ನು ಇನ್ನೊಂದೆಡೆಯೂ ಇಡುವುದನ್ನು ಅಭ್ಯಾಸ ಮಾಡಿಕೊಂಡನು.

ಎರಡು ರೀತಿಗಳಲ್ಲಿಯೂ ಗುಣದೋಷಗಳುಂಟು. ತಮಿಳರ ಸ್ಥಿರತೆಯಿಂದ ಒಳ್ಳೆಯ ಕೆಲಸಗಳಿಗೆ ದೀರ್ಘಾಯುಸ್ಸು ಲಭಿಸಿತು. ಕಾಮರಾಜರ ಕಾಲದ ಶಾಲಾಮಕ್ಕಳ ಮಧ್ಯಾಹ್ನದ ಊಟವನ್ನು ೧೯೮೨ರಲ್ಲಿ ರಾಮಚಂದ್ರನ್‌ರವರು ವಿಸ್ತರಿಸಿದರು, ಅನಂತರ ಬಂದ ಪ್ರತಿಪಕ್ಷದವರೂ ಅದನ್ನು ನಿಲ್ಲಿಸಲಿಲ್ಲ. ಆದರೆ ವ್ಯಕ್ತಿಪೂಜೆಯು ಮಿತಿಮೀರಿದಾಗ ಪ್ರಶ್ನೆ ಕೇಳುವವರು ವಿರಳರಾಗುತ್ತಾರೆ. ಕನ್ನಡಿಗರ ಚಂಚಲತೆಯಿಂದ ಯಾವ ನಾಯಕನೂ ನಾಡು ತನ್ನ ಸ್ವತ್ತೆಂದು ಭಾವಿಸುವಂತಿಲ್ಲ. ಆದರೆ ೨೦೦೪ರಲ್ಲಿಯೂ ೨೦೧೮ರಲ್ಲಿಯೂ ಯಾರಿಗೂ ಬಹುಮತವಿಲ್ಲದೆ ಸರಕಾರಗಳು ತೂಗಾಡಿದುವು, ೨೦೦೮ರಿಂದ ೨೦೧೩ರೊಳಗೆ ಮೂವರು ಮುಖ್ಯಮಂತ್ರಿಗಳಾದರು.

ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಭಾಷಾಭಿಮಾನಕ್ಕೆ ಹೆಸರಾದ ಈ ಎರಡು ನಾಡುಗಳೂ ಆಟದಲ್ಲಿ ಎತ್ತಿಕೊಂಡುದು ಪರನಾಡಿನವರನ್ನೇ. ಚೆನ್ನೈಯವರು ತಮ್ಮ ತಲೆಯಾಳೆಂದು ಕರೆಯುವ ಧೋನಿಯವರು ರಾಂಚಿಯವರು, ಬೆಂಗಳೂರಿನವರ ಕಣ್ಮಣಿಯಾದ ಕೊಹ್ಲಿಯವರು ದೆಹಲಿಯವರು. ರಾಜಕೀಯದಲ್ಲಿಯೂ ತಮಿಳರು ಕ್ಯಾಂಡಿಯಲ್ಲಿ ಜನಿಸಿದ ಮಲೆಯಾಳಿಯಾದ ರಾಮಚಂದ್ರನ್‌ರವರನ್ನೂ, ನಮ್ಮ ಮೇಲುಕೋಟೆಯಲ್ಲಿ ಜನಿಸಿದ ಜಯಲಲಿತಾರವರನ್ನೂ ತಮ್ಮವರನ್ನಾಗಿ ಮಾಡಿಕೊಂಡರು. ೧೯೯೯ರಲ್ಲಿ ಚೇಪಾಕಿನಲ್ಲಿ ಭಾರತವು ೧೨ ಓಟಗಳಿಂದ ಸೋತಾಗ ಅಲ್ಲಿನ ಪ್ರೇಕ್ಷಕರು ಎದ್ದುನಿಂತು ಪಾಕಿಸ್ತಾನದ ತಂಡಕ್ಕೆ ಕರತಾಡನ ಮಾಡಿದರು. ೨೦೧೫ರಲ್ಲಿ ದಕ್ಷಿಣ ಆಫ್ರಿಕದ ಡಿವಿಲಿಯರ್ಸರು ತಮ್ಮ ನೂರನೆಯ ಟೆಸ್ಟ್ ಪಂದ್ಯವನ್ನು ಭಾರತದ ವಿರುದ್ಧ ಬೆಂಗಳೂರಿನಲ್ಲಿ ಆಡಿದಾಗ, ಜನರು ಎದುರಾಳಿಯಾದ ಅವರ ಹೆಸರನ್ನೇ ಕೂಗಿದರು. ಅಭಿಮಾನವು ಶುದ್ಧವಾಗಿದ್ದಾಗ ಅದು ಗಡಿಯನ್ನು ನೋಡುವುದಿಲ್ಲ.

ಅದು ಕಲುಷಿತವಾದಾಗ ಏನಾಗುವುದೆಂಬುದನ್ನೂ ನಾವು ಕಂಡಿದ್ದೇವೆ. ಕಾವೇರಿಯ ನೀರಿನ ವಿಚಾರದಲ್ಲಿ ೧೯೯೧ರ ಡಿಸೆಂಬರಿನಲ್ಲಿ ಎರಡು ನಾಡುಗಳಲ್ಲಿಯೂ ನಡೆದ ದೊಂಬಿ, ೨೦೧೬ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಉರಿದ ಬಸ್ಸುಗಳು ಇನ್ನೂ ನೆನಪಿನಲ್ಲಿವೆ. ೨೦೧೮ರ ಏಪ್ರಿಲ್ ೧೦ರಂದು, ನೀರಿನ ನಿರ್ವಹಣಾಮಂಡಲಿಯ ರಚನೆ ತಡವಾಯಿತೆಂಬ ಕೋಪದಿಂದ ಕೆಲವರು ಚೇಪಾಕಿನ ಬಯಲಿಗೆ ಪಾದರಕ್ಷೆಗಳನ್ನೆಸೆದರು. ಚೆನ್ನೈಯಲ್ಲಿ ನಡೆಯಬೇಕಾಗಿದ್ದ ಉಳಿದ ಆರು ಪಂದ್ಯಗಳನ್ನು ಪುಣೆಗೆ ಒಯ್ಯಲಾಯಿತು. ಇದರಿಂದ ನದಿಗೆ ಒಂದು ಹನಿ ನೀರೂ ಹೆಚ್ಚಲಿಲ್ಲ. ತಂಡದವರು ಸುಮಾರು ಸಾವಿರ ಅಭಿಮಾನಿಗಳನ್ನು ವಿಶೇಷ ರೈಲಿನಲ್ಲಿ ಪುಣೆಗೆ ಕರೆದೊಯ್ದರೆಂಬುದೇ ಆ ಕಹಿಯಲ್ಲಿ ಉಳಿದ ಸಿಹಿ.

ಚೆನ್ನೈಯಲ್ಲಿ ರಾಜಕೀಯವು ಆಟದ ಬಯಲಿಗೆ ಇಳಿಯಿತು, ಬೆಂಗಳೂರಿನಲ್ಲಿ ಆಟವು ರಾಜ್ಯದ ಸೋಪಾನವನ್ನು ಏರಿತು. ೨೦೨೫ರ ಜೂನ್ ೩ರ ರಾತ್ರಿ ಅಹಮದಾಬಾದಿನಲ್ಲಿ ತಂಡವು ಗೆದ್ದಿತು. ಮರುದಿನವೇ, ಸಾಕಷ್ಟು ಸಿದ್ಧತೆಗೆ ಅವಕಾಶವಿಲ್ಲದೆ, ವಿಧಾನಸೌಧದ ಮೆಟ್ಟಿಲುಗಳ ಮೇಲೆ ಸರಕಾರದ ಸನ್ಮಾನವೂ ಕ್ರೀಡಾಂಗಣದಲ್ಲಿ ಉತ್ಸವವೂ ನಡೆದುವು. ಕ್ರೀಡಾಂಗಣದ ಬಾಗಿಲುಗಳ ಹೊರಗೆ ಜನಸಂದಣಿಯ ತುಳಿತಕ್ಕೆ ಸಿಕ್ಕಿ ಹನ್ನೊಂದು ಮಂದಿ ಪ್ರಾಣಬಿಟ್ಟರು. ಹದಿನೆಂಟು ವರ್ಷ ಕಾದ ನಿಷ್ಠೆಗೆ ಇನ್ನೊಂದು ವಾರ ಕಾಯುವುದು ಕಷ್ಟವಾಗಿರಲಿಲ್ಲ. ಕಾಯಿಸುವ ವಿವೇಕವು ಹಿರಿಯರಲ್ಲಿ ಇರಬೇಕಾಗಿತ್ತು.

ಆದುದರಿಂದ ಈ ತುಲನೆಯ ಫಲಿತಾರ್ಥವು ಇದು. ಆಟದ ಅಭಿಮಾನಿಗೆ ನಿಷ್ಠೆಯೇ ಧರ್ಮ, ಮತದಾರನಿಗೆ ಪರೀಕ್ಷೆಯೇ ಧರ್ಮ. ಸೋತ ತಂಡವನ್ನು ಬಿಡದಿರುವುದು ಗುಣವಾದರೆ, ತಪ್ಪಿದ ಆಡಳಿತವನ್ನು ಬಿಡದಿರುವುದು ದೋಷ. ತಂಡವು ಸೋತರೆ ನಮಗಾಗುವ ನಷ್ಟವು ಒಂದು ರಾತ್ರಿಯ ನಿದ್ರೆ. ಆಡಳಿತವು ಸೋತರೆ ನಷ್ಟವಾಗುವುದು ನಮ್ಮ ಮಕ್ಕಳ ಶಾಲೆ, ಹೊಲದ ನೀರು, ಬೀದಿಯ ಕ್ಷೇಮ. ಸೋಲಿನಲ್ಲಿಯೂ ಕೈಬಿಡದ ಪ್ರೀತಿಯನ್ನು ನೆರೆನಾಡುಗಳೆರಡೂ ಬಲ್ಲುವು. ಒಳ್ಳೆಯ ಕೆಲಸವನ್ನು ಪಕ್ಷ ಬದಲಾದರೂ ಮುಂದುವರಿಸುವುದನ್ನು ನಾವು ತಮಿಳರಿಂದ ಕಲಿಯಬಹುದು. ಪ್ರೀತಿಯನ್ನೂ ಮತವನ್ನೂ ಬೇರೆ ಬೇರೆಯಾಗಿಡುವುದನ್ನು ಅವರು ನಮ್ಮಿಂದ ಕಲಿಯಬಹುದು.

ಈ ಪಾಠವು ಮೊದಲಾಗಬೇಕಾದುದು ಮನೆಯಲ್ಲಿಯೇ. ಕೆಂಪು ಅಂಗಿ ತೊಟ್ಟು ಕುಳಿತ ಮಗನಿಗೂ ಮಗಳಿಗೂ ತಮ್ಮ ತಂಡವನ್ನು ಮನಸಾರೆ ಹೊಗಳಲು ಬಿಡಿರಿ. ಹಳದಿ ಅಂಗಿಯ ನೆರೆಮನೆಯ ಬಾಲಕನನ್ನೂ ಕರೆದು ಅದೇ ಜಗಲಿಯಲ್ಲಿ ಕೂರಿಸಿರಿ. ಆಟ ಮುಗಿದ ಬಳಿಕ ಇಬ್ಬರಿಗೂ ಒಂದೇ ಪಾತ್ರೆಯಿಂದ ಅನ್ನವನ್ನು ಬಡಿಸಿರಿ. ಆ ಮಕ್ಕಳು ದೊಡ್ಡವರಾಗಿ ಮತಗಟ್ಟೆಗೆ ಹೊರಡುವ ದಿನ ಬಂದಾಗ ಮಾತ್ರ, ಅಂಗಿಯ ಬಣ್ಣವನ್ನು ಮನೆಯಲ್ಲಿ ಬಿಟ್ಟು, ಕಳೆದ ಐದು ವರ್ಷಗಳ ಲೆಕ್ಕವನ್ನು ಜೊತೆಗೆ ಕೊಂಡೊಯ್ಯಬೇಕೆಂದು ಹೇಳಿಕೊಡಿರಿ.